ಹೊಳೆಕಾವಲಿನ ಜಮಾದಾರರು

ಇಷ್ಟವಾದವರನ್ನು ಅವರು ಹೊಳೆಗೆ ತಳ್ಳುತ್ತಿದ್ದರು. ತಳ್ಳಿಸಿಕೊಳ್ಳಲು ನಾವೆಲ್ಲ ಸಾಲು ನಿಲ್ಲುತ್ತಿದ್ದೆವು. ಈಗ ನೆನೆದರೆ ನಗು ಬರುತ್ತದೆ, ಹೊಟ್ಟೆಯೂ ಉರಿಯುತ್ತದೆ.

ಹೊಳೆ ಎಂದರೆ ನೇತ್ರಾವತಿ. ಅದೂ ಇವತ್ತಿನ ನೇತ್ರಾವತಿಯಲ್ಲ, ಹದಿನೆಂಟನೆಯ ಶತಮಾನದ್ದು, ಅವರು ಬರೆಯುತ್ತಿದ್ದ ಪತ್ತೇದಾರಿ ಕಾದಂಬರಿಯಲ್ಲಿ ಹರಿಯುತ್ತಿದ್ದದ್ದು. ಘಟ್ಟದ ಬುಡದಿಂದ ಮಂಗಳೂರಿನ ಬಂದರಿಗೆ ಮೆಣಸು, ಅಕ್ಕಿ, ಬೆಲ್ಲ ಹೊತ್ತು ಬರುವ ದೋಣಿಗಳನ್ನು ತಡೆದು ನೋಡುವ ಕಾವಲು ಪಡೆಯೊಂದಿತ್ತಂತೆ. ಅದರ ಜಮಾದಾರನೇ ಕಥಾನಾಯಕ. ಹೊಳೆಗಳ್ಳರನ್ನು ಹಿಡಿಯುವುದು, ಹೆಣ ತೇಲಿಬಂದರೆ ಅದು ಯಾರದು, ಯಾರು ತಳ್ಳಿದರು ಎಂದು ಪತ್ತೆ ಮಾಡುವುದು ಅವನ ಕೆಲಸ. ಅಂಥ ಪಡೆ ನಿಜವಾಗಿ ಇತ್ತೇ ಎಂದು ಒಮ್ಮೆ ಕೇಳಿದ್ದೆ. "ಇರಬೇಕಿತ್ತು" ಎಂದಿದ್ದರು.

ದುಬೈಯ ಊದ್ ಮೇಥಾದ ಕ್ಲಬ್ಬೊಂದರ ಕೋಣೆಯಲ್ಲಿ ತಿಂಗಳಿಗೊಮ್ಮೆ, ಭಾನುವಾರ ಸಂಜೆ, ಅವರು ಒಂದು ಅಧ್ಯಾಯ ಓದುತ್ತಿದ್ದರು. ಓದು ಮುಗಿದ ಮೇಲೆ ಚಹಾ, ಗೋಳಿಬಜೆ. ಕೇಳಲು ಬರುತ್ತಿದ್ದವರು ಊರ ಕಡೆಯ ನಾವೇ. ನಾನು ಹತ್ತಿರದ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವವಳು. ಹಾಗಾಗಿ ಅವರ ಬಾಯಲ್ಲಿ ನಾನು "ರಕ್ತದಮ್ಮ". ಅವರನ್ನು ನಾವು "ಜಮಾದಾರರೇ" ಎನ್ನುತ್ತಿದ್ದೆವು. ಅವರಿಗೆ ಅದು ಎಷ್ಟು ಹಿಡಿಸಿತ್ತೆಂದರೆ ಸ್ವಂತ ಹೆಸರು ಹಿಡಿದು ಕರೆದರೆ ತಿರುಗಿಯೂ ನೋಡುತ್ತಿರಲಿಲ್ಲ.

ಕಳೆದ ತಿಂಗಳು ಅವರು ಮಂಗಳೂರಿನಲ್ಲಿ ತೀರಿಕೊಂಡರು. ನಿವೃತ್ತನಾದ ಮೇಲೆ ಹೊಳೆಯ ದಂಡೆಯಲ್ಲೇ ಮನೆ ಮಾಡುತ್ತೇನೆ ಎನ್ನುತ್ತಿದ್ದವರು. ಕೊನೆಗೆ ಸಿಕ್ಕಿದ್ದು ಐದನೆಯ ಮಹಡಿಯ ಫ್ಲ್ಯಾಟು, ಕಿಟಕಿ ತೆರೆದರೆ ಎದುರಿನ ಕಟ್ಟಡದ ಒಗೆದ ಬಟ್ಟೆ ಕಾಣುತ್ತಿತ್ತಂತೆ. ಈಗ ಕ್ಲಬ್ಬಿನವರು ಅವರ ಕಾದಂಬರಿಯನ್ನು ಪುಸ್ತಕ ಮಾಡುತ್ತಾರಂತೆ. ಪುಸ್ತಕದ ಆರಂಭದಲ್ಲಿ ಹಾಕಲು ಅವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆದುಕೊಡಿ ಎಂದು ನನ್ನನ್ನು ಕೇಳಿದ್ದಾರೆ. ಒಳ್ಳೆಯ ಮಾತು ನನ್ನಲ್ಲಿ ಸ್ವಲ್ಪ ಕಡಿಮೆ. ಇದ್ದದ್ದನ್ನು ಬರೆಯುತ್ತೇನೆ, ಬೇಕಾದರೆ ಹಾಕಿಕೊಳ್ಳಲಿ.

ಅವರು ಬರೆಯುವ ರೀತಿ ಹೀಗೆ. ಕೇಳಲು ಬಂದವರಲ್ಲೇ ಒಬ್ಬರನ್ನು ಆರಿಸಿ, ಇನ್ನೂರೈವತ್ತು ವರ್ಷ ಹಿಂದಕ್ಕೆ ಕಳಿಸಿ, ಹೊಳೆಯಲ್ಲಿ ಮುಳುಗಿಸುತ್ತಿದ್ದರು. ಹೆಸರು ಬೇರೆ, ಮುಂಡಾಸು ಬೇರೆ. ಆದರೆ ನಡಿಗೆ, ಕೆಮ್ಮು, ಚಪಲ ಎಲ್ಲ ನಮ್ಮದೇ. ಮುಂದಿನ ಸರದಿ ಯಾರದೋ ಅವರ ತಟ್ಟೆಯ ಪಕ್ಕ ಟಿಶ್ಯೂ ಕಾಗದದ ಒಂದು ದೋಣಿ ಮಡಚಿ ತಳ್ಳುತ್ತಿದ್ದರು. ತಳ್ಳುವಾಗ ಮುಖ ನೋಡುತ್ತಿರಲಿಲ್ಲ, ಬೇರೆ ಯಾರೊಂದಿಗೋ ಮಾತಾಡುತ್ತಲೇ ತಳ್ಳುತ್ತಿದ್ದರು. ದೋಣಿ ಸಿಕ್ಕಿದವರು ಲಾಟರಿ ಹೊಡೆದ ಹಾಗೆ ಕುಣಿಯುತ್ತಿದ್ದರು. ಊರಿಗೆ ಫೋನು ಮಾಡಿ, ಬರುವ ತಿಂಗಳು ನಾನು ಸಾಯ್ತೇನೆ ಎಂದು ಹೇಳಿದವರೂ ಇದ್ದಾರೆ.

ದೇರಾದಲ್ಲಿ ಮಸಾಲೆ ಅಂಗಡಿ ಇಟ್ಟಿದ್ದ ಹಮೀದಾಕ ಮೆಣಸಿನ ಮೂಟೆಯ ಸಮೇತ ಮುಳುಗಿದರು. ಮೂರು ದಿನದ ಮೇಲೆ ಹೆಣ ಅಳಿವೆಯಲ್ಲಿ ತೇಲಿತು. ಓದು ಮುಗಿದ ಮೇಲೆ ಹಮೀದಾಕ ಬೇಸರದಿಂದ, "ಹೊಟ್ಟೆ ಅಷ್ಟು ದೊಡ್ಡದು ಬರೀಬೇಕಿತ್ತಾ ಜಮಾದಾರರೇ? ಮನೆಯಲ್ಲಿ ಮಕ್ಕಳು ಓದ್ತಾರೆ" ಎಂದರು.

"ನೀರಿನಲ್ಲಿ ಹೆಣ ಉಬ್ಬುತ್ತದೆ ಹಮೀದಾಕ, ಅದು ನಿಮ್ಮ ಹೊಟ್ಟೆಯಲ್ಲ."

"ಹಾಗಾದ್ರೆ ಜಮಾದಾರ ಅದನ್ನು ನೋಡಿ ನನ್ನ ಗುರುತು ಹಿಡಿದದ್ದು ಹೇಗೆ?"

ಅವತ್ತು ನಾವು ನಕ್ಕ ನಗುವಿಗೆ ಪಕ್ಕದ ಕೋಣೆಯಲ್ಲಿ ಭಜನೆ ಕಲಿಯುತ್ತಿದ್ದವರು ಬಂದು ಬಾಗಿಲು ಹಾಕಿ ಹೋದರು. ಜಮಾದಾರರು ಮಾತ್ರ ನಗಲಿಲ್ಲ. ನಾವು ನಗುವುದನ್ನು ನೋಡುತ್ತಾ, ಗೋಳಿಬಜೆಯನ್ನು ಎರಡು ಹೋಳು ಮಾಡಿ, ಒಳಗೆ ಬೆಂದಿದೆಯೇ ಎಂದು ಪರೀಕ್ಷಿಸುತ್ತಿದ್ದರು. ತಿನ್ನುವ ಮೊದಲು ಬಿಡಿಸಿ ನೋಡದ ವಸ್ತು ಅವರ ಬಾಯಿಗೆ ಹೋದದ್ದನ್ನು ನಾನು ಕಂಡಿಲ್ಲ.

ಅದು ಅವರ ಉದ್ಯೋಗದಿಂದ ಬಂದದ್ದು. ದುಬೈ ಕ್ರೀಕಿನ ದಂಡೆಯಲ್ಲಿ ಮರದ ಹಡಗುಗಳಿಗೆ ಸರಕು ಏರಿಸಿ ಇಳಿಸುವ ಯಾವುದೋ ಕಂಪೆನಿಯಲ್ಲಿ ಅವರಿಗೆ ಕಳ್ಳತನ ಪತ್ತೆ ಮಾಡುವ ಕೆಲಸ. ಚೀಲ ಕತ್ತರಿಸಿದವರಾರು, ಪೆಟ್ಟಿಗೆ ಬಿಚ್ಚಿ ಮತ್ತೆ ಟೇಪು ಹಚ್ಚಿದವರಾರು ಎಂದು ಹುಡುಕುವುದು. ಒಮ್ಮೆ ಅವರ ಕೆಲಸ ನೋಡಲು ಹೋಗಿದ್ದೆ. ಒಬ್ಬ ಹಮಾಲಿಯ ಮೇಲೆ ಅನುಮಾನ. ಅವನನ್ನು ಬೈಯಲಿಲ್ಲ, ಹೊಡೆಯಲಿಲ್ಲ, ಏನೂ ಕೇಳಲೂ ಇಲ್ಲ. ಒಂದು ಪೆಟ್ಟಿಗೆ ಕವುಚಿ ಹಾಕಿ ನೀರಿನ ಅಂಚಿನಲ್ಲಿ, ಎಲ್ಲರ ಕಣ್ಣಿಗೂ ಬೀಳುವಂತೆ, ಬಿಸಿಲಿನಲ್ಲಿ ಕೂರಿಸಿದರು. ತಾವು ನೆರಳಿನಲ್ಲಿ ಕುಳಿತು ಸುಲೈಮಾನಿ ಚಹಾ ಕುಡಿದರು, ನನಗೂ ಒಂದು ಲೋಟ ತರಿಸಿದರು. ಮೂಟೆ ಹೊರುವವರೆಲ್ಲ ಅವನ ಮುಂದಿನಿಂದಲೇ ಹೋಗಬೇಕು, ಬರಬೇಕು. ಊಟದ ಹೊತ್ತಿಗೆ ಒಬ್ಬೊಬ್ಬರಾಗಿ ಇವರ ಬಳಿ ಬಂದು ಕಿವಿಯಲ್ಲಿ ಹೇಳತೊಡಗಿದರು.

"ಅವರು ಹೇಳೋದೆಲ್ಲ ಸತ್ಯವೇ?" ಎಂದೆ.

"ಸತ್ಯ ನಿಧಾನ ಬರ್ತದೆ ರಕ್ತದಮ್ಮಾ, ಚಾಡಿ ಬೇಗ ಬರ್ತದೆ. ನನಗೆ ಎರಡೂ ಆಗ್ತದೆ."

ಆ ಹಮಾಲಿ ಕಳ್ಳನೇ ಆಗಿದ್ದನೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಗೊತ್ತುಮಾಡಿಕೊಳ್ಳುವ ಆತುರ ಅವರಲ್ಲೂ ಕಾಣಲಿಲ್ಲ. ಕಿವಿಯಲ್ಲಿ ಹೇಳಲು ಬಂದವರ ಮುಖಗಳನ್ನೇ ಅವರು ಆಸೆಯಿಂದ ನೋಡುತ್ತಿದ್ದರು. ನಾನು ಚಹಾ ಅರ್ಧಕ್ಕೆ ಬಿಟ್ಟು ಬಂದೆ.

ಇನ್ನು ಹಿಲರಿಯ ವಿಷಯಕ್ಕೆ ಬರಬೇಕು. ಅವನನ್ನು ಬಿಟ್ಟು ಜಮಾದಾರರ ಚಿತ್ರ ಬರೆದರೆ ಅದು ಸನ್ಮಾನಪತ್ರವಾಗುತ್ತದೆ.

ಹಿಲರಿ ಹೋಟೆಲೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿದ್ದ. ಕುಂದಾಪುರದ ಕಡೆಯವನು, ನನ್ನ ಊರಿಗೆ ಹತ್ತಿರ, ಹಾಗಾಗಿ ನನ್ನನ್ನು ಅಕ್ಕ ಎನ್ನುತ್ತಿದ್ದ. ಕೈಗೆ ಸಿಕ್ಕಿದ ಬಟ್ಟೆಯನ್ನು ಮೂಸಿ ನೋಡುವುದು ಅವನ ಅಭ್ಯಾಸ. ಮೇಜಿನ ಮೇಲಿನ ಕರವಸ್ತ್ರ, ಕ್ಲಬ್ಬಿನ ಪರದೆ, ಒಮ್ಮೆ ಮುಖ್ಯ ಅತಿಥಿಗೆ ಹೊದಿಸುವ ಶಾಲನ್ನೂ ವೇದಿಕೆಯ ಮೇಲೇ ಮೂಸಿದ್ದ. ಅವನಿಗೆ ಇದ್ದದ್ದು ಒಂದೇ ಆಸೆ. ಹೆಂಡತಿ ಲವೀನಾಳನ್ನೂ ಮಗಳನ್ನೂ ಇಲ್ಲಿಗೆ ಕರೆಸಿಕೊಳ್ಳಬೇಕು. ಮದುವೆಯಾದ ಮೇಲೆ ರಜೆಯಲ್ಲಿ ಕಂಡದ್ದು ಬಿಟ್ಟರೆ ಒಟ್ಟಿಗೆ ಬಾಳಿದ್ದೇ ಇಲ್ಲ. ಕಂಪೆನಿ ವೀಸಾಕ್ಕೆ ಒಪ್ಪಿತ್ತು. ಬೇಕಾಗಿದ್ದದ್ದು ಒಂದು ರೂಮು. ನಮ್ಮಂಥವರಿಗೆ ಇಲ್ಲಿ ರೂಮು ಸಿಗುವುದು ಗುರುತಿನವರ ಬಾಯಿಮಾತಿನ ಮೇಲೆ. "ಅವ ಒಳ್ಳೆಯವ, ಕೊಡಿ" ಎಂದು ಯಾರಾದರೂ ಹೇಳಬೇಕು.

ಹಿಲರಿ ಆಗ ಇಂಟರ್‌ನ್ಯಾಷನಲ್ ಸಿಟಿ ಎಂಬ ಬಡಾವಣೆಯ ಒಂದು ಫ್ಲ್ಯಾಟಿನಲ್ಲಿದ್ದ. ಅದನ್ನು ನಮ್ಮ ಕ್ಲಬ್ಬಿನ ಕಾರ್ಯದರ್ಶಿ ವಸಂತ ಬಾಡಿಗೆಗೆ ಹಿಡಿದು, ಹಲಗೆ ಹೊಡೆದು ಗೂಡು ಗೂಡು ಮಾಡಿ, ಊರಿನವರಿಗೆ ಹಂಚಿದ್ದ. ಕಾನೂನಿಗೆ ಅದು ಒಪ್ಪಿಗೆಯಿಲ್ಲ, ಎಲ್ಲರಿಗೂ ಗೊತ್ತು, ಎಲ್ಲರೂ ಇರುತ್ತಾರೆ. ಕಿಟಕಿಯಿದ್ದ ಮೂಲೆಯ ರೂಮನ್ನು ಸಂಸಾರಕ್ಕೆ ಕೊಡಿ ಎಂದು ಹಿಲರಿ ಕೇಳಿದ, ವಸಂತ ಆಗುವುದಿಲ್ಲ ಎಂದ. ಸ್ವಲ್ಪ ಮಾತಿಗೆ ಮಾತು ಬೆಳೆಯಿತು. ಅದಾದ ಕೆಲವೇ ದಿನಕ್ಕೆ ಮುನಿಸಿಪಾಲಿಟಿಯವರು ಬಾಗಿಲು ತಟ್ಟಿದರು. ಹಲಗೆಗಳನ್ನೆಲ್ಲ ಕೀಳಿಸಿದರು. ಅಷ್ಟೂ ಜನ ಸೂಟ್‌ಕೇಸು ಹಿಡಿದು ಬೀದಿಗೆ ಬಂದರು. ಒಬ್ಬ ಕಾರಿನಲ್ಲಿ ಮಲಗಿದ, ಇನ್ನೊಬ್ಬ ಬಸುರಿ ಹೆಂಡತಿಯನ್ನು ಊರಿಗೆ ಕಳಿಸಿದ. ಹಿಲರಿಯೂ ಅವರಂತೆಯೇ ಬೀದಿಗೆ ಬಿದ್ದವನು.

ಯಾರೋ ದೂರು ಕೊಟ್ಟಿದ್ದಾರೆ ಎಂದ ವಸಂತ. ಯಾರೆಂದು ಹೇಳಲಿಲ್ಲ. ಅನುಮಾನ ಗಾಳಿಯಲ್ಲಿ ಹಾಗೇ ಇತ್ತು, ಹತ್ತು ದಿನ ಬಿಟ್ಟಿದ್ದರೆ ಗಾಳಿಯಲ್ಲೇ ಹೋಗುತ್ತಿತ್ತು ಎಂದು ಈಗಲೂ ನನ್ನ ನಂಬಿಕೆ. ಅಷ್ಟರಲ್ಲಿ ಆ ತಿಂಗಳ ಓದು ಬಂತು.

ಹಿಂದಿನ ತಿಂಗಳೇ ದೋಣಿ ಸಿಕ್ಕಿದ್ದದ್ದು ಹಿಲರಿಗೆ. ಪಾಪ, ಅವನೇ ಎಷ್ಟೋ ಸಲ ಗೋಗರೆದಿದ್ದ, "ನನ್ನನ್ನೂ ಒಮ್ಮೆ ಹಾಕಿ ಸರ್" ಎಂದು. ಟಿಶ್ಯೂ ದೋಣಿಯನ್ನು ಲವೀನಾಗೆ ತೋರಿಸಲು ಪರ್ಸಿನಲ್ಲಿ ಇಟ್ಟುಕೊಂಡಿದ್ದ. ಅವತ್ತು ಇಸ್ತ್ರಿ ಅಂಗಿ ಹಾಕಿ ಮುಂದಿನ ಸಾಲಿನಲ್ಲೇ ಬಂದು ಕುಳಿತ.

ಅಧ್ಯಾಯದಲ್ಲಿ ಬಡ ಅಂಬಿಗರು ಸುಂಕ ತಪ್ಪಿಸಲು ಅಳಿವೆಯ ಕೆಸರಿನಲ್ಲಿ ಬೆಳೆಯುವ ಕಾಂಡ್ಲ ಕಾಡಿನ ನಡುವೆ ದೋಣಿಗಳನ್ನು ಬಚ್ಚಿಟ್ಟಿರುತ್ತಾರೆ. ಯಾರೋ ಕಾವಲಿನವರಿಗೆ ಸುಳಿವು ಕೊಡುತ್ತಾರೆ. ದೋಣಿಗಳನ್ನೆಲ್ಲ ಸುಡಲಾಗುತ್ತದೆ, ಅಂಬಿಗರ ಹೆಂಡಿರು ಮಕ್ಕಳು ದಂಡೆಯಲ್ಲಿ ಬಾಯಿ ಬಡಿದುಕೊಳ್ಳುತ್ತಾರೆ. ಸುಳಿವು ಕೊಟ್ಟವರಾರು? ಅನುಮಾನ ಬರುವುದು ಒಬ್ಬ ಹುಟ್ಟು ಹಾಕುವವನ ಮೇಲೆ. ಅವನಿಗೆ ಸಿಕ್ಕಿದ ಬಟ್ಟೆಯನ್ನೆಲ್ಲ ಮೂಸುವ ಅಭ್ಯಾಸ. ಆ ಮಾತು ಓದಿದ ಕೂಡಲೇ ಕೋಣೆ ತುಂಬಾ ತಲೆಗಳು ಮುಂದಿನ ಸಾಲಿನ ಕಡೆ ತಿರುಗಿದವು. ಹಿಲರಿ ಇನ್ನೂ ನಗುತ್ತಿದ್ದ. ಜಮಾದಾರ ಆ ಮನುಷ್ಯನನ್ನು ಒಂದು ದೋಣಿಯಲ್ಲಿ ಕೂರಿಸಿ, ಹುಟ್ಟು ಕಸಿದುಕೊಂಡು, ನಡುಹೊಳೆಯಲ್ಲಿ ಗೂಟಕ್ಕೆ ಕಟ್ಟಿಸುತ್ತಾನೆ. ಎರಡು ದಂಡೆಯಲ್ಲೂ ಜನ ನಿಂತು ನೋಡುತ್ತಾರೆ. ಅಲ್ಲಿಗೆ ಅಧ್ಯಾಯ ಮುಗಿಯಿತು. ಹೇಳಲೇಬೇಕು, ಅವರು ಬರೆದದ್ದರಲ್ಲಿ ಅಷ್ಟು ಚೆನ್ನಾದದ್ದು ಇನ್ನೊಂದಿಲ್ಲ. ನೀರು ದೋಣಿಯ ಪಕ್ಕಕ್ಕೆ ಬಡಿಯುವ ಸದ್ದು ನನಗೆ ಕೇಳಿಸಿದ ಹಾಗಾಯಿತು.

ಮುಂದಿನ ತಿಂಗಳು ಎಲ್ಲರೂ ಬಂದು ಕುಳಿತರೆ ಅವರು ಬರಿಗೈಯಲ್ಲಿ ಬಂದರು. "ಬರೆದಿಲ್ಲ. ದಂಡೆಯವರು ಎಂತ ಹೇಳ್ತಾರೆ ನೋಡುವ" ಎಂದರು.

ದಂಡೆಯವರಿಗೆ ಅಷ್ಟೇ ಸಾಕಾಯಿತು. ಹಿಲರಿ ಕಟ್ಟಡದ ಕೆಳಗೆ ಯಾರೊಂದಿಗೋ ಅರಬ್ಬಿಯಲ್ಲಿ ಮಾತಾಡುತ್ತಿದ್ದದ್ದು ಒಬ್ಬನಿಗೆ ನೆನಪಾಯಿತು. ಹಿಲರಿಗೆ ಅರಬ್ಬಿಯಲ್ಲಿ ಬರುತ್ತಿದ್ದದ್ದು ಯಲ್ಲಾ, ಖಲಾಸ್ ಎರಡೇ ಮಾತು. ಅವನ ಅಪ್ಪನೂ ಊರಿನಲ್ಲಿ ಪಂಚಾಯತಿಗೆ ಅರ್ಜಿ ಹಾಕುವವನಂತೆ ಎಂದ ಇನ್ನೊಬ್ಬ. ವಸಂತನಂತೂ, "ನಾನು ಹೆಸರು ಹೇಳ್ಲಿಲ್ಲ ಮಾರಾಯ್ರೆ, ಜಮಾದಾರರೇ ಹೇಳಿದ್ರಲ್ಲ. ಅವರು ಪತ್ತೆ ಮಾಡದೆ ಬರೀತಾರಾ?" ಎಂದು ಸಿಕ್ಕವರಿಗೆಲ್ಲ ಹೇಳಿದ. ಅದೇ ನಮ್ಮವರು ಮಾಡಿದ ತಪ್ಪು. ಅವರ ಉದ್ಯೋಗ ಪತ್ತೆ ಮಾಡುವುದು ಎಂದು ಗೊತ್ತಿತ್ತು, ಹಾಗಾಗಿ ಅವರ ಕಥೆಯನ್ನು ತನಿಖೆ ಎಂದುಕೊಂಡರು.

ಹಮೀದಾಕ ತಮ್ಮ ಹೆಸರಿನಲ್ಲಿದ್ದ ಫ್ಲ್ಯಾಟಿನ ಒಂದು ರೂಮನ್ನು ಹಿಲರಿಗೆ ಕೊಡುತ್ತೇನೆ ಎಂದು ಮಾತು ಕೊಟ್ಟಿದ್ದರು. ಅವರೂ ಹಿಂದೆ ಸರಿದರು. "ನನಗೆ ನಿನ್ನ ಮೇಲೆ ನಂಬಿಕೆ ಉಂಟು ಹಿಲರಿ. ಆದ್ರೆ ಆಚೆ ರೂಮಿನವರು ಹೆದರ್ತಾರೆ" ಎಂದರಂತೆ. ಮತ್ತೆ ಕೇಳಿದ ಕಡೆಯಲ್ಲೆಲ್ಲ ರೂಮು ನಿನ್ನೆಯೇ ಹೋಯಿತು, ಮೊನ್ನೆಯೇ ಹೋಯಿತು. ಕೊನೆಗೆ ಹೋಟೆಲಿನ ಕೆಲಸವನ್ನೇ ಬಿಟ್ಟು ಅಬುಧಾಬಿಯ ಮುಸಫ್ಫಾದ ಒಂದು ದೊಡ್ಡ ಲಾಂಡ್ರಿಗೆ ಸೇರಿದ. ಅಲ್ಲಿ ಕಂಪೆನಿಯ ಕ್ಯಾಂಪಿನಲ್ಲಿ ಮಂಚ ಕೊಡುತ್ತಾರೆ. ಮಂಚಕ್ಕೆ ಹೆಂಡತಿಯನ್ನು ಕರೆಸಲು ಆಗುವುದಿಲ್ಲವಲ್ಲ.

ಹೋಗುವ ಮೊದಲು ಒಂದು ಮಧ್ಯಾಹ್ನ ಆಸ್ಪತ್ರೆಗೆ ಬಂದ. ಜಮಾದಾರರನ್ನು ಒಮ್ಮೆ ಕಾಣಬೇಕು, ಒಬ್ಬನೇ ಹೋಗಲು ಧೈರ್ಯವಿಲ್ಲ, ನೀವು ಬನ್ನಿ ಅಕ್ಕ ಎಂದ. ಊದ್ ಮೇಥಾದಲ್ಲಿ ಅವರದು ಒಂಟಿ ಜೀವಕ್ಕೆ ದೊಡ್ಡದೇ ಆದ ಫ್ಲ್ಯಾಟು. ಬಾಗಿಲು ತೆರೆದು ಪ್ರೀತಿಯಿಂದಲೇ ಒಳಗೆ ಕರೆದರು, ಹಲಸಿನ ಹಪ್ಪಳ ಕರಿದು ತಂದಿಟ್ಟರು. ಹಿಲರಿ ಮುಟ್ಟಲಿಲ್ಲ.

"ಸರ್, ಆ ದೋಣಿಯಿಂದ ನನ್ನನ್ನು ಇಳಿಸಿ."

"ಅದು ನೀನಲ್ಲ ಮಾರಾಯ."

"ನಾನಲ್ಲ ಅಂತ ನನಗೆ ಗೊತ್ತುಂಟು. ಅವರಿಗೆ ಗೊತ್ತಿಲ್ಲ. ನೀವು ಒಂದು ಸಾಲು ಬರೆದ್ರೆ ನಂಬ್ತಾರೆ."

ಅವರು ಹಪ್ಪಳ ಮುರಿದು ಒಳಗಿನ ಗುಳ್ಳೆ ನೋಡಿದರು. "ಹೌದು, ನಂಬ್ತಾರೆ" ಎಂದರು. "ಅಷ್ಟು ಸುಲಭಕ್ಕೆ ನಂಬುವವರಿಗೆ ಅಷ್ಟು ಬೇಗ ಬರೆದು ಕೊಡಬಾರದು ಹಿಲರಿ. ಇನ್ನೂ ಯಾರ್ಯಾರು ಎಂತೆಂತ ತರ್ತಾರೆ ಅಂತ ನೋಡ್ಬೇಕು. ನಿನ್ನ ಅಪ್ಪನ ಪಂಚಾಯತಿ ಅರ್ಜಿ ನನಗೆ ಹೊಳೆದೇ ಇರಲಿಲ್ಲ ನೋಡು!"

ಹಿಲರಿ ಎದ್ದ. ಏಳುವಾಗ ಸೋಫಾದ ಮೇಲಿನ ಟವೆಲ್ ಕೈಗೆ ಸಿಕ್ಕಿತು, ಮೂಗಿನ ತನಕ ಹೋದ ಕೈಯನ್ನು ಹಾಗೇ ಇಳಿಸಿದ. ಜಮಾದಾರರು ಅದನ್ನು ನೋಡಿ ಕಣ್ಣರಳಿಸಿದರು. ಅವರ ಮುಖದಲ್ಲಿ ಆಗ ಕಂಡ ಖುಷಿಯನ್ನು ನಾನು ಎಂದಿಗೂ ಕ್ಷಮಿಸುವುದಿಲ್ಲ. ಹಿಲರಿಯ ಮೇಲೆ ಅವರಿಗೆ ಸಿಟ್ಟಿದ್ದರೆ ನಾನು ಅರ್ಥ ಮಾಡಿಕೊಳ್ಳುತ್ತಿದ್ದೆ. ಸಿಟ್ಟು ಇರಲಿಲ್ಲ, ಅವರಿಗೆ ಹಿಲರಿ ಇಷ್ಟವೇ ಆಗಿದ್ದ. ಇರುವೆಯ ಕಾಲು ಕಿತ್ತು ಅದು ಎಷ್ಟು ದೂರ ಹೋಗುತ್ತದೆಂದು ನೋಡುವ ಮಕ್ಕಳಿಗೂ ಇರುವೆಯ ಮೇಲೆ ಸಿಟ್ಟಿರುವುದಿಲ್ಲ.

ಅವರು ನಿವೃತ್ತರಾಗುವ ತನಕ ಆ ದೋಣಿ ನಡುಹೊಳೆಯಲ್ಲೇ ಇತ್ತು. ನಡುವೆ ಬೇರೆ ಅಧ್ಯಾಯಗಳು ಬಂದವು, ಬೇರೆ ಹೆಣಗಳು ತೇಲಿದವು. ಕೇಳಿದವರಿಗೆಲ್ಲ "ಕಟ್ಟಿದೆ, ಇರಲಿ" ಎನ್ನುತ್ತಿದ್ದರು. ನಾನು ಕ್ಲಬ್ಬಿಗೆ ಹೋಗುವುದನ್ನು ಬಿಡಲಿಲ್ಲ. ಓದು ಚೆನ್ನಾಗಿರುತ್ತಿತ್ತು.

ಅವರನ್ನು ಬೀಳ್ಕೊಡುವ ದಿನ ಕ್ಲಬ್ಬಿನಲ್ಲಿ ದೊಡ್ಡ ಸನ್ಮಾನ. ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ, ಗಂಧದ ಹಾರ, ಯಾವುದಕ್ಕೂ ಕಡಿಮೆಯಿಲ್ಲ. ವಸಂತ ಮೈಕಿನಲ್ಲಿ ಅವರನ್ನು ಆಕಾಶಕ್ಕೆ ಏರಿಸಿದ. ಪೇಟ ತೊಟ್ಟುಕೊಂಡೇ ಅವರು ಜೇಬಿನಿಂದ ಹಾಳೆ ತೆಗೆದು, ಎಲ್ಲರೂ ಕಾದಿದ್ದ ಕೊನೆಯ ಅಧ್ಯಾಯ ಓದಿದರು. ಅದರಲ್ಲಿ ಸುಳಿವು ಕೊಟ್ಟವರು ಯಾರೂ ಇಲ್ಲ. ಅವತ್ತು ಇಳಿತ ಎಂದಿಗಿಂತ ಜೋರಾಗಿತ್ತು, ನೀರು ಇಳಿದಾಗ ಬಚ್ಚಿಟ್ಟ ದೋಣಿಗಳು ತಾವಾಗಿಯೇ ಕಾವಲಿನವರ ಕಣ್ಣಿಗೆ ಬಿದ್ದಿದ್ದವು. ಜಮಾದಾರ ಹಗ್ಗ ಬಿಚ್ಚಿಸಿ ಆ ದೋಣಿಯನ್ನು ದಡಕ್ಕೆ ಎಳೆಸುತ್ತಾನೆ. ಒಳಗಿನ ಮನುಷ್ಯ ಇಳಿಯಲು ಒಪ್ಪುವುದಿಲ್ಲ.

ಚಪ್ಪಾಳೆಯೋ ಚಪ್ಪಾಳೆ. "ಎಂಥ ಟ್ವಿಸ್ಟ್ ಮಾರಾಯ್ರೆ!" ಎಂದು ವಸಂತ ಎದ್ದು ನಿಂತು ತಟ್ಟಿದ.

ನನಗೆ ಮೈ ಉರಿಯಿತು. ಕುಳಿತಲ್ಲಿಂದಲೇ ಕೇಳಿದೆ, "ಈ ಇಳಿತದ ವಿಷಯ ನಿಮಗೆ ಯಾವಾಗ ಗೊತ್ತಾಯ್ತು ಜಮಾದಾರರೇ?"

ಅವರಿಗೆ ಅರ್ಥವಾಯಿತು. ಮುಚ್ಚಿಡುವ ಮನುಷ್ಯನೂ ಅಲ್ಲ ಅವರು. "ಮೊದಲ ವಾರವೇ. ಆ ಕಟ್ಟಡದ ವಾಚ್‌ಮನ್ನನ್ನು ಹೋಗಿ ಕೇಳಿದೆ. ಕೆಳಗಿನ ಮನೆಯೊಂದರ ಅಡುಗೆಮನೆಯಲ್ಲಿ ಹೊಗೆ ಎದ್ದಿತ್ತಂತೆ. ಅದನ್ನು ನೋಡ್ಲಿಕ್ಕೆ ಬಂದವರು ಎಲ್ಲ ಬಾಗಿಲು ತಟ್ಟಿದ್ರು. ದೂರು ಕೊಟ್ಟವ ಯಾರೂ ಇಲ್ಲ."

"ಮತ್ತೆ ಇಷ್ಟು ದಿನ ಹೇಳ್ಲಿಲ್ಲ?"

"ಯಾರು ಕೇಳಿದ್ರು ರಕ್ತದಮ್ಮಾ? ಒಬ್ಬರಾದರೂ ಬಂದು, ಅವ ನಿಜವಾಗಿ ಮಾಡಿದ್ದಾನಾ ಅಂತ ನನ್ನ ಹತ್ರ ಕೇಳಿದ್ರಾ?"

ಯಾರೂ ಕೇಳಿರಲಿಲ್ಲ. ಆಮೇಲೆ ಹಿಂದಿನಿಂದ ಯಾರೋ, "ಹಿಲರಿಗೆ ಫೋನು ಹಾಕಿ, ಅವನೂ ಕೇಳಲಿ" ಎಂದರು. ಸಮಾಧಾನ ಮಾಡುವ ಆ ಆತುರ ನೋಡಬೇಕಿತ್ತು. ನಾನೇ ಹಚ್ಚಿದೆ, ವಸಂತ ಅದನ್ನು ಕಿತ್ತು ಮೈಕಿಗೆ ಹಿಡಿದ. ಜಮಾದಾರರು ಬಾಗಿ, "ಹಿಲರಿ, ನಿನ್ನನ್ನು ಇಳಿಸಿದೆ ಮಾರಾಯ. ನೀನು ನಿರಪರಾಧಿ" ಎಂದರು. ಜನ ಮತ್ತೆ ಚಪ್ಪಾಳೆ ತಟ್ಟಿದರು. ವಸಂತ ಚಿಕ್ಕದಾಗಿ ವಿಷಯ ಹೇಳಿದ.

ಹಿಂದೆ ಯಂತ್ರಗಳ ಸದ್ದು. ಹಿಲರಿ ಡ್ಯೂಟಿಯಲ್ಲಿದ್ದ. "ಥ್ಯಾಂಕ್ಸ್ ಸರ್" ಎಂದ. ಹಿಂದೆಯೇ ಕೇಳಿದ, "ಸರ್, ನೀವು ಊರಿಗೆ ಹೋದ್ರೆ ನಿಮ್ಮ ಫ್ಲ್ಯಾಟು ಖಾಲಿ ಆಗ್ತದಲ್ಲ? ನನಗೆ ಒಂದು ರೂಮು ಬೇಕಿತ್ತು. ಲವೀನಾಗೆ."

"ಅದು ವಸಂತನಿಗೆ ಕೊಟ್ಟಾಯ್ತಲ್ಲ ಮಾರಾಯ."

"ಹೌದಾ. ಅಲ್ಲಿ ಬೇರೆ ಯಾರ ಹತ್ರ ಆದ್ರೂ ಉಂಟಾ ಸರ್? ಚಿಕ್ಕದಾದ್ರೂ ಆಗ್ತದೆ."

ಮೈಕಿನಲ್ಲಿ ಆ ಮಾತು ಸಭಾಂಗಣದ ಮೂಲೆಮೂಲೆಗೂ ಕೇಳಿತು. ವಸಂತ ಫೋನನ್ನು ಹಿಡಿದ ಕೈ ಬದಲಿಸಿದ. ಹಮೀದಾಕ ಹಣ್ಣಿನ ಬುಟ್ಟಿಯ ರಿಬ್ಬನ್ ಸರಿಮಾಡಿದರು. ಅವರ ಫ್ಲ್ಯಾಟಿನಲ್ಲಿ ಒಂದು ರೂಮು ಆಗ ಖಾಲಿಯೇ ಇತ್ತು. ನಾನು ಮೈಕಿನ ವೈರು ಎಲ್ಲಿಗೆ ಹೋಗುತ್ತದೆ ಎಂದು ನೋಡುತ್ತಿದ್ದೆ. ಜಮಾದಾರರೊಬ್ಬರೇ ತಲೆ ಎತ್ತಿ, ಒಂದೊಂದು ಮುಖವನ್ನೂ ನಿಧಾನಕ್ಕೆ ನೋಡಿದರು. ಆಮೇಲೆ ಹಿಲರಿ "ಆಯ್ತು ಸರ್, ಮೆಷಿನ್ ನಿಂತಿತು" ಎಂದು ಫೋನಿಟ್ಟ. ಬಿರಿಯಾನಿ ಬಂತು ಎಂದು ಯಾರೋ ಕೂಗಿದರು, ಎಲ್ಲರೂ ಎದ್ದೆವು.

ಆ ವಾರವೇ ಹಮೀದಾಕ ನನಗೆ ಫೋನು ಮಾಡಿದರು. "ನನ್ನ ಆ ರೂಮು ಉಂಟಲ್ಲ, ಹಿಲರಿಗೆ ಹೇಳಿ. ನೀವೇ ಹೇಳಿ, ನನಗೆ ಮುಖ ಇಲ್ಲ" ಎಂದರು. ನಾನು ಸಂತೋಷದಿಂದಲೇ ಮುಸಫ್ಫಾಕ್ಕೆ ಫೋನು ಹಚ್ಚಿದೆ.

"ಬೇಡ ಅಕ್ಕ" ಎಂದ ಹಿಲರಿ. "ಲವೀನಾ ಇಸ್ರೇಲಿಗೆ ಹೋಗಿ ಆಯ್ತು. ಅಲ್ಲಿ ಒಬ್ಬರು ಅಜ್ಜಿಯನ್ನು ನೋಡಿಕೊಳ್ಳುವ ಕೆಲಸ. ಮಗಳು ಊರಲ್ಲಿ ನನ್ನ ಅಮ್ಮನ ಹತ್ರ."

"ಯಾವಾಗ ಹೋದದ್ದು?"

"ಈಸ್ಟರ್ ಆದ ಕೂಡ್ಲೇ."

ಈಸ್ಟರ್ ಕಳೆದು ಆಗಲೇ ಕ್ರಿಸ್‌ಮಸ್ ಹತ್ತಿರ ಬಂದಿತ್ತು. "ಹಾಗಾದ್ರೆ ಅವತ್ತು ರೂಮು ಯಾಕೆ ಕೇಳಿದೆ ಮಾರಾಯ?"

ಹಿಂದೆ ಯಂತ್ರಗಳು ತಿರುಗುತ್ತಿದ್ದವು.

"ಯಾರಾದ್ರೂ ಕೊಡ್ತಾರಾ ಅಂತ ನೋಡ್ಲಿಕ್ಕೆ ಕೇಳಿದ್ದು ಅಕ್ಕ" ಎಂದ. "ಎಲ್ಲರೂ ಅಲ್ಲೇ ಇದ್ರಲ್ಲ. ನೀವೂ ಇದ್ರಿ."